ತುಪಾಕಿ ಹೊತ್ತು ಪಾಲಾರ್ ದಾಟೋ ಮುಂಚೆ

ಮೊದಲೇ ಹೇಳಿಬಿಡ್ತೀನಿ, ಈ ಬರಹಕ್ಕೆ ಬೈಗುಳ ಬರೋದು ಹೊರಗಿನವರಿಂದ ಅಲ್ಲ, ನಮ್ಮವರಿಂದಲೇ. "ಗಡಿ ಕನ್ನಡಿಗರ ಕಷ್ಟ ಬರೆಯೋದು ಬಿಟ್ಟು ಪೊಲೀಸರ ಮಾತು ಬರೀತಾನೆ" ಅಂತಾರೆ. ಅನ್ನಲಿ. ಕೊಳತ್ತೂರು, ಗೋವಿಂದಪಾಡಿ, ಪೆನ್ನಾಗರ, ಅಂಚೆಟ್ಟಿ, ತಾಳವಾಡಿ ಕಡೆಯ ಕೆಲವು ಮನೆಗಳಲ್ಲಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿರೋ ಒಂದು ವಸ್ತು ಇದೆ. ತಾತನ ಕಾಲದ್ದು. ನಾವು ತುಪಾಕಿ ಅಂತೀವಿ, ಕೊಡಗಿನ ಕಡೆ ಕೋವಿ ಅಂತಾರೆ, ಪೇಪರಿನವರು ನಾಡಬಂದೂಕು ಅಂತ ಬರೀತಾರೆ. ಹೆಸರು ಯಾವುದಾದರೂ ಸೆಕ್ಷನ್ ಒಂದೇ.

ಅದನ್ನು ಮನೆ ಸಾಮಾನಿನ ಜೊತೆ ಈ ರಾಜ್ಯದಿಂದ ಆ ರಾಜ್ಯಕ್ಕೆ, ಆ ರಾಜ್ಯದಿಂದ ಈ ರಾಜ್ಯಕ್ಕೆ ಸಾಗಿಸೋ ಅಭ್ಯಾಸದ ಬಗ್ಗೆ ನನಗೆ ಜಗಳ ಇದೆ. ಅದರ ಬಗ್ಗೆ ಒಂದು ಸಾಲೂ ನಮ್ಮ ಭಾಷೆಯಲ್ಲಿ ತಿಳಿಸದ ಸರ್ಕಾರಗಳ ಮೇಲೂ ಜಗಳ ಇದೆ. ಎರಡೂ ಜಗಳ ಇಲ್ಲೇ ಆಡ್ತೀನಿ.

ನಮ್ಮ ಜನರ ವಾದ ಎಲ್ಲರಿಗೂ ಗೊತ್ತು. "ಪಾಲಾರ್ ಆಚೆ ನಮ್ಮ ಮಾವನ ಮನೆ, ಈಚೆ ನಮ್ಮ ಮನೆ. ಮಾದಪ್ಪ ಇಬ್ಬರಿಗೂ ಒಬ್ಬನೇ. ನಮಗ್ಯಾವ ಗಡಿ?" ಭಾಷೆಗೆ, ಸಂಬಂಧಕ್ಕೆ, ಜಾತ್ರೆಗೆ ಈ ಮಾತು ನೂರಕ್ಕೆ ನೂರು ಸರಿ. ಈ ಪುಟದಲ್ಲಿ ನಾನೇ ಎಷ್ಟು ಸಲ ಬರೆದಿದ್ದೀನಿ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮೆಟ್ಟೂರಿನವನು ಮಾದಪ್ಪನ ಬೆಟ್ಟಕ್ಕೆ ಹೋದರೆ ಬೇರೆ ಜಿಲ್ಲೆಗೆ ಹೋದ ಹಾಗೆ ಅಷ್ಟೇ, ಬೇರೆ ರಾಜ್ಯಕ್ಕಲ್ಲ. ನಮ್ಮ ತಾತಂದಿರ ತಲೆಯಲ್ಲಿ ಆ ಹಳೇ ನಕ್ಷೆಯೇ ಕೂತಿತ್ತು, ಅವರು ಅದನ್ನೇ ನಮ್ಮ ತಲೆಗೂ ಇಳಿಸಿಬಿಟ್ಟರು. ಆ ನಕ್ಷೆ ಹಿಡ್ಕೊಂಡು ಹೆಣ್ಣು ತರಬಹುದು, ದನ ತರಬಹುದು, ರಾಗಿ ತರಬಹುದು. ತುಪಾಕಿ ತರೋಕಾಗಲ್ಲ.

ಇನ್ನೊಂದು ಗುಂಪು ಇದೆ, ಮೊಬೈಲ್ ಗುಂಪು. ಇವರು ಅಮೆರಿಕದ ವಿಡಿಯೋ ನೋಡಿ ಕಾನೂನು ಕಲಿತವರು. ಅಲ್ಲಿ ನಿಜವಾಗಿಯೂ ರಾಜ್ಯಕ್ಕೊಂದು ಬಂದೂಕಿನ ಕಾನೂನು. ನ್ಯೂಜೆರ್ಸಿಯಲ್ಲಿ ಕೊಳ್ಳೋಕೂ ಗುರುತಿನ ಚೀಟಿ ಬೇಕು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರಿನಿಂದ 21 ವರ್ಷ ದಾಟಿದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಕೈಪಿಸ್ತೂಲು ಇಟ್ಕೊಂಡು ಓಡಾಡೋಕೆ ಪರವಾನಗಿಯೇ ಬೇಡ. ಅಲ್ಲಿರೋ ನಮ್ಮ ಹುಡುಗರು ಕೆಲಸ ಬದಲಾಯಿಸಿ ರಾಜ್ಯ ಬದಲಾಯಿಸೋ ಮುಂಚೆ ಇದನ್ನೆಲ್ಲ ತಿಳ್ಕೊಳ್ತಾರೆ, ತಿಳ್ಕೊಳ್ಳಲೇಬೇಕು. ಅದನ್ನು ನೋಡಿ ಇಲ್ಲಿಯ ಮೊಬೈಲ್ ಗುಂಪು ಹೇಳೋದು: "ನಮ್ಮಲ್ಲಿ ಹಾಗಿಲ್ಲ. ದೇಶಕ್ಕೆಲ್ಲ ಒಂದೇ ಕಾನೂನು. ಒಂದು ಕಡೆ ಲೈಸೆನ್ಸ್ ಇದ್ದರೆ ಎಲ್ಲಾ ಕಡೆ ನಡೆಯುತ್ತೆ."

ಅರ್ಧ ಸರಿ. ಕೇಸು ಬೀಳೋದು ಉಳಿದ ಅರ್ಧಕ್ಕೆ.

ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 5ನೇ ನಮೂದು ಆಯುಧ, ಬಂದೂಕು, ಮದ್ದುಗುಂಡು, ಸ್ಫೋಟಕ. ಹಾಗಾಗಿ ಕಾನೂನು ಮಾಡೋದು ದಿಲ್ಲಿ. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳು ಸೇಲಂಗೂ ಅವೇ, ಚಾಮರಾಜನಗರಕ್ಕೂ ಅವೇ. ಆದರೆ ಪೊಲೀಸು ರಾಜ್ಯದ್ದು. ಲೈಸೆನ್ಸ್ ಕೊಡೋ ಕೈ ಜಿಲ್ಲೆಯದ್ದು, ಇಲ್ಲಿ ಕಲೆಕ್ಟರ್, ಅಲ್ಲಿ ಡಿಸಿ. ಆ ಲೈಸೆನ್ಸಿನಲ್ಲಿ ಒಂದು ಕಾಲಂ ಇದೆ: ಇದು ಎಲ್ಲಿಯವರೆಗೆ ಚಾಲ್ತಿ ಅಂತ. ಜಿಲ್ಲೆಗೆ ಅಂತ ಬರೆದಿದ್ದರೆ ಜಿಲ್ಲೆ, ರಾಜ್ಯಕ್ಕೆ ಅಂತ ಬರೆದಿದ್ದರೆ ರಾಜ್ಯ. ಇಡೀ ಭಾರತಕ್ಕೆ ಅಂತ ಬರೆಸಿಕೊಳ್ಳೋದು ನಿಮ್ಮ ನಮ್ಮಂಥವರಿಗೆ ಸುಲಭದ ಮಾತಲ್ಲ. ಪುಸ್ತಕ ತೆಗೆದು ಆ ಕಾಲಂ ಓದಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ.

ನಮ್ಮ ಬ್ಯಾಂಕಿಗೆ ಒಬ್ಬರು ಹಿರಿಯ ರೈತರು ಬರ್ತಾರೆ. ಒಂದು ದಿನ ಲಾಕರ್ ಕೇಳಿದ್ರು. "ಏನಿಡ್ತೀರಿ ಮಾಮಾ, ಒಡವೆನಾ?" ಅಂದೆ. ಅಲ್ಲ, ಒಂದು ಪುಸ್ತಕ ಅಂದ್ರು. ಸಣ್ಣ ಹಳೇ ಪುಸ್ತಕ, ಅಂಚೆಲ್ಲ ಗೆದ್ದಲು ತಿಂದಿದೆ, ಒಳಗೆ ಕರ್ನಾಟಕದ ಒಂದು ಕಚೇರಿಯ ಸೀಲು. ಅವರ ಸೋದರಮಾವನ ಹೆಸರಲ್ಲಿರೋ ತುಪಾಕಿ ಲೈಸೆನ್ಸು. ಮಾವ ತೀರಿಹೋಗಿ ಕಾಲವಾಗಿದೆ, ಆಚೆಯ ಜಮೀನು ಮಾರಿದಾಗ ತುಪಾಕಿಯೂ ಪುಸ್ತಕವೂ ಈಚೆ ಬಂದಿವೆ. ಕೊನೆಯ ನವೀಕರಣ ಆಗಿ ದಶಕಗಳೇ ದಾಟಿವೆ. "ತಮ್ಮಾ, ಸರ್ಕಾರದ ಸೀಲ್ ಇರೋ ಪುಸ್ತಕ ಇದು, ಸುಳ್ಳಾ?" ಅಂತ ನನ್ನನ್ನೇ ಕೇಳಿದ್ರು.

ಸೀಲು ಸುಳ್ಳಲ್ಲ. ಆದರೆ ಆ ಪುಸ್ತಕ ಸತ್ತವರ ಪಾಸ್‌ಬುಕ್ಕಿದ್ದ ಹಾಗೆ. ಖಾತೆದಾರ ಸತ್ತ ಮೇಲೆ ಮಗ ಅದೇ ಪಾಸ್‌ಬುಕ್ ತಂದು ದುಡ್ಡು ತೆಗೀತೀನಿ ಅಂದರೆ ಕೊಡ್ತೀವಾ? ಸಾವಿನ ಪ್ರಮಾಣಪತ್ರ ಕೇಳ್ತೀವಿ, ವಾರಸುದಾರಿಕೆ ಕೇಳ್ತೀವಿ, ಹೊಸ ಖಾತೆ ಮಾಡಿಸ್ತೀವಿ. ಲೈಸೆನ್ಸೂ ಹಾಗೆ, ಅದು ಮನುಷ್ಯನಿಗೆ ಕೊಟ್ಟಿದ್ದು, ಮನೆಗಲ್ಲ. ಅವನು ಹೋದ ದಿನದಿಂದ ಆ ತುಪಾಕಿ ಯಾರ ಅಟ್ಟದಲ್ಲಿದೆಯೋ ಅವರು ಲೈಸೆನ್ಸ್ ಇಲ್ಲದೆ ಇಟ್ಕೊಂಡವರು. ಅದಕ್ಕೆ ದಾರಿ ಇಲ್ಲದೆ ಇಲ್ಲ. 2016ರ ನಿಯಮಗಳ 25ನೇ ನಿಯಮ ವಾರಸುದಾರನಿಗೆ ಲೈಸೆನ್ಸ್ ಕೇಳೋ ಅವಕಾಶ ಕೊಟ್ಟಿದೆ. ಲೈಸೆನ್ಸುದಾರ ಬದುಕಿರುವಾಗಲೇ, ಅವನಿಗೆ 70 ವರ್ಷ ಆಗಿದ್ದರೆ ಅಥವಾ 25 ವರ್ಷ ಆ ಬಂದೂಕು ಅವನ ಹತ್ತಿರ ಇದ್ದರೆ, ಮಗನಿಗೋ ಮಗಳಿಗೋ ವರ್ಗಾಯಿಸೋಕೆ ಅರ್ಜಿ ಹಾಕಬಹುದು. ಅದು ಕೈಗೆ ಬರೋ ತನಕ? ಕಾಯ್ದೆಯ 21ನೇ ಸೆಕ್ಷನ್ ಹೇಳೋದು ಸರಳ. ಇಟ್ಕೊಳ್ಳೋ ಹಕ್ಕು ಮುಗಿದ ಆಯುಧವನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರೋ ಬಂದೂಕು ವ್ಯಾಪಾರಿ ಹತ್ತಿರವೋ ಒಪ್ಪಿಸಬೇಕು. ಒಪ್ಪಿಸಿ ರಸೀದಿ ತಗೋಬೇಕು. ರಸೀದಿ ಇಲ್ಲದೆ ಒಪ್ಪಿಸಿದ್ದು ಒಪ್ಪಿಸಿದ ಲೆಕ್ಕ ಅಲ್ಲ, ಇದು ಬ್ಯಾಂಕಿನವನ ಮಾತು, ಕೇಳಿ.

(ಅಂದ ಹಾಗೆ, ಲಾಕರಿನಲ್ಲಿ ಕಾಗದ ಇಡಬಹುದು. ಬಂದೂಕು, ಮದ್ದು, ತೋಟಾ ಇಡೋಹಾಗಿಲ್ಲ. ಲಾಕರ್ ಒಪ್ಪಂದದಲ್ಲೇ ಬರೆದಿರುತ್ತೆ. ಕೇಳಿದವರಿದ್ದಾರೆ, ಅದಕ್ಕೇ ಹೇಳ್ತಿದ್ದೀನಿ.)

ಈಗ ಬದುಕಿರೋರ ವಿಷಯ. ನಿಮ್ಮದೇ ಹೆಸರಲ್ಲಿ ಕರ್ನಾಟಕದಲ್ಲಿ ಮಾಡಿಸಿದ ಚಾಲ್ತಿ ಲೈಸೆನ್ಸ್ ಇದೆ. ಹೆಂಡತಿ ಊರು ಕೊಳತ್ತೂರು, ಇಲ್ಲೇ ಬಂದು ನೆಲೆಸೋಣ ಅಂತ ಬಂದ್ರಿ. ಅಥವಾ ಮಿಲಿಟರಿಯಿಂದ ನಿವೃತ್ತಿಯಾಗಿ, ಆಚೆ ಕಡೆ ಲೈಸೆನ್ಸ್ ಮಾಡಿಸಿ, ಈಚೆ ಕಡೆ ಬ್ಯಾಂಕು, ಎಟಿಎಂ ಕಾವಲಿಗೆ ಸೇರಿದ್ರಿ. ಇಂಥವರು ನಮ್ಮಲ್ಲಿ ಬೇಕಾದಷ್ಟು ಜನ. ಲೈಸೆನ್ಸಿನ ಷರತ್ತು ಏನಂದರೆ, ಕಾಯಂ ಆಗಿ ಊರು ಬಿಟ್ಟರೂ, 30 ದಿನಕ್ಕಿಂತ ಹೆಚ್ಚು ತಾತ್ಕಾಲಿಕವಾಗಿ ಬಿಟ್ಟರೂ, ಆಯುಧ ಜೊತೆಗೆ ತಂದಿದ್ದರೆ 30 ದಿನದೊಳಗೆ ಎರಡು ಕಡೆ ತಿಳಿಸಬೇಕು. ಹೊಸ ಊರಿನ ಲೈಸೆನ್ಸ್ ಅಧಿಕಾರಿಗೆ ಒಂದು, ಕೊಟ್ಟ ಅಥವಾ ಕೊನೇ ಸಲ ನವೀಕರಿಸಿದ ಅಧಿಕಾರಿಗೆ ಒಂದು. ಹೊಸ ಕಡೆಯವರು ಕೇಳಿದರೆ ಪುಸ್ತಕವನ್ನೂ ಆಯುಧವನ್ನೂ ತೋರಿಸಿ ನಮೂದು ಮಾಡಿಸಬೇಕು.

ಗಮನಿಸಿ, ಇದು ತಂದ ಮೇಲಿನ ಮಾತು. ತರೋಕೇ ಮುಂಚೆ ಆ ಕಾಲಂ ಇದೆಯಲ್ಲ, ಚಾಲ್ತಿ ಪ್ರದೇಶದ ಕಾಲಂ, ಅದರಲ್ಲಿ ತಮಿಳುನಾಡು ಸೇರಿರಬೇಕು. ಸೇರಿಲ್ಲ ಅಂದರೆ ಕೊಟ್ಟ ಕಚೇರಿಯಲ್ಲೇ ಮೊದಲು ಬರೆಸಿಕೊಂಡು ಆಮೇಲೆ ಸಾಗಿಸಬೇಕು. ಸುಮ್ಮನೆ ತಿಳಿಸದೇ ಇದ್ದದ್ದು ಷರತ್ತು ಮುರಿದ ಲೆಕ್ಕ, 30ನೇ ಸೆಕ್ಷನ್, 6 ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ಲೈಸೆನ್ಸೇ ಚಾಲ್ತಿ ಇಲ್ಲದ ಜಾಗದಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಅದನ್ನು ಲೈಸೆನ್ಸ್ ಇಲ್ಲದ ತುಪಾಕಿ ಅಂತಲೇ ಬರ್ಕೊಳ್ಳಬಹುದು. ಆಗ ಬೀಳೋದು 25ನೇ ಸೆಕ್ಷನ್. 2019ರ ತಿದ್ದುಪಡಿಗೆ ಮುಂಚೆ ಅದು 1ರಿಂದ 3 ವರ್ಷ ಇತ್ತು. ಈಗ ಕನಿಷ್ಠವೇ 2 ವರ್ಷ, ಗರಿಷ್ಠ 5 ವರ್ಷ, ಜೊತೆಗೆ ದಂಡ. ಕನಿಷ್ಠ ಅಂತ ಕಾನೂನಲ್ಲೇ ಬರೆದ ಮೇಲೆ, ತೀರ್ಪಿನಲ್ಲಿ ವಿಶೇಷ ಕಾರಣ ಬರೆದಿಡದೆ ಜಡ್ಜಿಗೂ ಅದಕ್ಕಿಂತ ಕಡಿಮೆ ಮಾಡೋಕಾಗಲ್ಲ. ಹಂದಿ ಓಡಿಸೋಕೆ ಇಟ್ಕೊಂಡಿದ್ದೆ ಸ್ವಾಮೀ ಅಂತ ಅತ್ತರೆ ಕೇಳೋಕೆ ಕಿವಿ ಇರುತ್ತೆ, ಬಿಡೋಕೆ ಕೈ ಇರಲ್ಲ.

ನಳಿಗೆ ಬಾಯಿಂದ ಮದ್ದು ತುಂಬೋ ತುಪಾಕಿ ಬಂದೂಕೇ ಅಲ್ಲ ಅನ್ನೋ ಒಂದು ನಂಬಿಕೆಯೂ ನಮ್ಮಲ್ಲಿದೆ. "ಅದೇನು ಪಟಾಕಿ ಥರ" ಅಂತಾರೆ. ಕಾಯ್ದೆಗೆ ಅದೂ ಬಂದೂಕೇ. ಬೇಕಿದ್ದರೆ 13ನೇ ಸೆಕ್ಷನ್ ನೋಡಿ. ನಿಜವಾಗಿ ಬೆಳೆ ಕಾಯೋಕೆ ಬಾಯಿಮದ್ದಿನ ತುಪಾಕಿ ಕೇಳೋ ಭಾರತದ ಪ್ರಜೆಗೆ ಲೈಸೆನ್ಸ್ ಕೊಡಬೇಕು ಅಂತಲೇ ಅಲ್ಲಿ ಬರೆದಿದೆ, ಬೇರೆ ಕಾರಣಕ್ಕೆ ನಿರಾಕರಿಸೋ ಹಾಗಿಲ್ಲದಿದ್ದರೆ. 14ನೇ ಸೆಕ್ಷನಿನಲ್ಲಿ ಇನ್ನೊಂದು ಒಳ್ಳೇ ಮಾತಿದೆ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ಇಲ್ಲ ಅನ್ನಬಾರದು, ಇಲ್ಲ ಅಂದರೆ ಕಾರಣ ಬರೆದಿಡಬೇಕು. ಅಂದರೆ ಕಾನೂನು ಬಡ ರೈತನಿಗೆ ಬಾಗಿಲು ಮುಚ್ಚಿಲ್ಲ. ಬಾಗಿಲು ಎಲ್ಲಿದೆ ಅಂತ ಯಾರೂ ನಮ್ಮ ಭಾಷೆಯಲ್ಲಿ ಹೇಳಿಲ್ಲ, ಅಷ್ಟೇ. ಹೇಳದೇ ಇದ್ದದ್ದಕ್ಕೆ ನಾವು ಹಿತ್ತಲ ಬೇಲಿ ಹಾರಿದೆವು.

ಕಾಡಿನ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ನಾವಿರೋ ಜಾಗ ನೋಡಿ. ಆಚೆ ಕಡೆ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ವನ್ಯಧಾಮ. ಈಚೆ ಕಡೆ ತಮಿಳುನಾಡು 2022ರ ನವೆಂಬರಿನಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾಡು ಸೇರಿಸಿ ಕಾವೇರಿ ದಕ್ಷಿಣ ವನ್ಯಧಾಮ ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಂಚಿತ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧ ಹಿಡ್ಕೊಂಡೂ ವನ್ಯಧಾಮದೊಳಗೆ ಕಾಲಿಡೋಹಾಗಿಲ್ಲ. ಲೈಸೆನ್ಸ್ ಇದ್ದರೂ! ಪಾಲಾರ್ ಚೆಕ್‌ಪೋಸ್ಟಿನಿಂದ ಬೆಟ್ಟಕ್ಕೆ ಹೋಗೋ ಬಸ್ಸು ಯಾವ ಕಾಡಿನೊಳಗೆ ಹೋಗುತ್ತೆ ಅಂತ ನಿಮಗೇ ಗೊತ್ತು. ಬಸ್ಸಿನ ಸೀಟಿನ ಕೆಳಗೆ ಗೋಣಿಚೀಲ ಇಟ್ಕೊಂಡು ಕೂತವನು ಆಯುಧ ಕಾಯ್ದೆ ದಾಟಿದರೂ ವನ್ಯಜೀವಿ ಕಾಯ್ದೆ ದಾಟಲ್ಲ.

ಅದೇ ಕಾಯ್ದೆಯ 34ನೇ ಸೆಕ್ಷನ್ ಇನ್ನೂ ಹತ್ತಿರದ್ದು. ವನ್ಯಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸ ಇರೋ ಲೈಸೆನ್ಸುದಾರರು, ಆ ಜಾಗ ವನ್ಯಧಾಮ ಅಂತ ಘೋಷಣೆಯಾದ 3 ತಿಂಗಳಲ್ಲಿ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು. ನಮ್ಮ ಕನ್ನಡದ ಹಳ್ಳಿಗಳಲ್ಲಿ ಎಷ್ಟು ಆ 10 ಕಿಲೋಮೀಟರ್ ಒಳಗಿವೆ? 2022ರಲ್ಲಿ ಹೊಸ ವನ್ಯಧಾಮ ಬಂದಾಗ ಇದನ್ನು ಕನ್ನಡದಲ್ಲಿ ಡಂಗುರ ಹೊಡೆದು ಹೇಳಿದ್ದನ್ನು ಕೇಳಿದವರು ಇದ್ದರೆ ಕೆಳಗೆ ಕಾಮೆಂಟಿನಲ್ಲಿ ಬರೀರಿ. ನಾನಂತೂ ಕೇಳಿಲ್ಲ.

"ಸರಿ ಸ್ವಾಮೀ, ಲೈಸೆನ್ಸ್ ಎಲ್ಲಾ ಸರಿಯಾಗೇ ಇದೆ. ಹಂದಿ ಬಂದರೆ ಹೊಡೀಬಹುದಾ?" ಅದನ್ನು ನೀವಿರೋ ರಾಜ್ಯ ಹೇಳುತ್ತೆ. ದಿಲ್ಲಿಯ ಕಾನೂನು ಒಂದೇ ಅನ್ನೋ ಮೊಬೈಲ್ ಗುಂಪಿಗೆ ನನ್ನ ಉತ್ತರ ಇಲ್ಲಿದೆ. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಅಧಿಕಾರ ಕೊಟ್ಟಿದ್ದಾರೆ, ಬೆಳೆ ಹಾಳು ಮಾಡೋ ಹಂದಿಯನ್ನು ಲೈಸೆನ್ಸ್ ಇರೋ ಬಂದೂಕಿನವರಿಂದ ಹೊಡೆಸೋಕೆ ಅವರು ಅಪ್ಪಣೆ ಕೊಡಬಹುದು. ಹಾಗಾಗಿ ಕಾಸರಗೋಡಿನ ನಮ್ಮ ಕನ್ನಡದ ಅಡಿಕೆ ಬೆಳೆಗಾರನಿಗೆ ಒಂದು ದಾರಿ ಇದೆ. ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಮಾಡಿದ ಆದೇಶ ಬೇರೆ ಥರ. ಕಾಡಿನಂಚಿನಿಂದ 1 ಕಿಲೋಮೀಟರ್ ಒಳಗೆ ಹೊಡೆಯೋಹಾಗೇ ಇಲ್ಲ, 1ರಿಂದ 3 ಕಿಲೋಮೀಟರ್ ನಡುವೆ ಹಿಡಿದು ಕಾಡಿಗೆ ಬಿಡಬೇಕು, 3 ದಾಟಿದ ಮೇಲೆ ಮಾತ್ರ ಹೊಡೀಬಹುದು, ಅದೂ ಅರಣ್ಯ ಇಲಾಖೆಯವರೇ. ರೈತನ ಕೈಗೆ ಕೊಟ್ಟಿಲ್ಲ. ಕಾಸರಗೋಡಿನಲ್ಲಿರೋ ತಮ್ಮನ ವಾಟ್ಸಾಪ್ ನೋಡಿ ಕೊಳತ್ತೂರಿನಲ್ಲಿ ಗುಂಡು ಹೊಡೆದರೆ ತಮ್ಮನಿಗೆ ಶಹಬಾಸ್, ನಿಮಗೆ ಜೈಲು.

ಹಂದಿ ಕಾಟ ಸುಳ್ಳು ಅಂತ ನಾನು ಹೇಳ್ತಿಲ್ಲ. ನೆಲಗಡಲೆ, ಮರಗೆಣಸು, ಜೋಳ ಒಂದೇ ರಾತ್ರಿಯಲ್ಲಿ ಉತ್ತು ಹಾಕಿದ ಹಾಗೆ ಮಾಡಿರೋ ಹೊಲಕ್ಕೆ ಬೆಳೆಸಾಲದ ಕಂತು ಕೇಳೋ ನೋಟಿಸಿಗೆ ವಿಳಾಸ ಬರೆಯೋ ಕೆಲಸ ನನ್ನದು. ಆ ರೈತನ ಮುಖ ನೋಡೋದೂ ನನ್ನ ಕೆಲಸವೇ. ಆದರೆ ಅವನಿಗೆ ಬೇಕಾದದ್ದು ಪರಿಹಾರ, ಬೇಲಿ, ಸಬ್ಸಿಡಿ. ಅದಕ್ಕೆ ಜೋರಾಗಿ ಕೂಗೋಣ. ಅಟ್ಟದ ತುಪಾಕಿಯಿಂದ ಹಂದಿ ಕಡಿಮೆಯಾದ ಊರು ನಾನು ನೋಡಿಲ್ಲ, ಕೇಸು ಹೆಚ್ಚಾದ ಊರು ನೋಡಿದ್ದೀನಿ.

ಇನ್ನು ಕೊಡಗಿನ ವಿಷಯ. ಪ್ರತಿ ಸೆಪ್ಟೆಂಬರ್ ಕೈಲ್‌ಪೊಳ್ದ್ ಬಂದಾಗ ಕೋವಿ ಪೂಜೆಯ ಫೋಟೋ ನಮ್ಮ ಗುಂಪುಗಳಲ್ಲಿ ಓಡಾಡುತ್ತೆ. ಕೆಳಗೆ ಒಬ್ಬ ಬರೀತಾನೆ: "ಕನ್ನಡಿಗರಿಗೆ ಲೈಸೆನ್ಸ್ ಬೇಡ, ನಮ್ಮ ನೆಲದ ಹಕ್ಕು!" ಅಣ್ಣಾ, ಆ ವಿನಾಯಿತಿ ಕನ್ನಡಿಗರಿಗಲ್ಲ. ಆಯುಧ ಕಾಯ್ದೆಯ 41ನೇ ಸೆಕ್ಷನಿನ ಅಡಿಯಲ್ಲಿ ಕೇಂದ್ರ ಕೊಟ್ಟಿರೋದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಅವರಿಗೂ ಅದು ಮಿತಿ ಇಲ್ಲದ ಹಕ್ಕಲ್ಲ. ಹಾಸನದವನಿಗೆ, ಮಂಡ್ಯದವನಿಗೆ ಇಲ್ಲದ ವಿನಾಯಿತಿ ಮೆಟ್ಟೂರಿನ ಕನ್ನಡಿಗನಿಗೆ ಎಲ್ಲಿಂದ ಬರುತ್ತೆ? ಭಾಷಾಭಿಮಾನದ ಹೆಸರಲ್ಲಿ ಇಂಥ ಸುಳ್ಳು ಹಂಚೋರನ್ನು ನಾನು ನೇರವಾಗಿ ಕೇಳ್ತೀನಿ: ನಿಮ್ಮ ಪೋಸ್ಟ್ ನಂಬಿ ಒಳಗೆ ಹೋದವನಿಗೆ ವಕೀಲರ ಫೀಸು ನೀವು ಕಟ್ತೀರಾ?

ಈ ಊರುಗಳಲ್ಲಿ ತುಪಾಕಿಯ ಸಂಶಯಕ್ಕೆ ಎಷ್ಟು ಬೆಲೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1993ರ ಏಪ್ರಿಲ್ 9ರಂದು ಪಾಲಾರಿನ ಹತ್ತಿರ ವೀರಪ್ಪನ್ ಗ್ಯಾಂಗ್ ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಆಮೇಲೆ 2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿ ಹತ್ತಿರ ಅವನು ಸಾಯೋ ತನಕ ಎರಡೂ ರಾಜ್ಯದ ಎಸ್‌ಟಿಎಫ್ ನಮ್ಮ ಹಳ್ಳಿಗಳಲ್ಲಿ ಓಡಾಡಿತು. ಯಾರದೋ ಮನೆಯಲ್ಲಿ ಮದ್ದಿನ ಪುಡಿ, ಯಾರದೋ ಮನೆಯಲ್ಲಿ ತುಪಾಕಿ ಅಂತ ಹಿಡ್ಕೊಂಡು ಹೋದರು. ಮೈಸೂರಿನ ಟಾಡಾ ಕೋರ್ಟಿನಲ್ಲಿ ವರ್ಷಗಟ್ಟಲೆ ಕೇಸು ನಡೆದು, 2001ರಲ್ಲಿ ಹೆಚ್ಚಿನವರು ನಿರಪರಾಧಿಗಳು ಅಂತ ಹೊರಗೆ ಬಂದರು. ಹೊರಗೆ ಬಂದಾಗ ಹೊಲ ಬೀಳು, ಮಕ್ಕಳು ದೊಡ್ಡವರಾಗಿದ್ದರು. ದೌರ್ಜನ್ಯದ ದೂರುಗಳನ್ನು ಕೇಳೋಕೆ ನ್ಯಾಯಮೂರ್ತಿ ಸದಾಶಿವ ಸಮಿತಿಯೇ ಬರಬೇಕಾಯ್ತು.

ಅದು ಹಳೇ ಕಥೆ ಅಂತೀರಾ? 2023ರ ಫೆಬ್ರವರಿಯಲ್ಲಿ ಪಾಲಾರ್ ಹತ್ತಿರ ಕರ್ನಾಟಕದ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದರು. ಗೋವಿಂದಪಾಡಿ ಕಡೆಯ ಒಬ್ಬರ ಹೆಣ ನೀರಲ್ಲಿ ಸಿಕ್ಕಿತು. ಬೇಟೆಗೆ ಬಂದವರು, ಅವರ ಹತ್ತಿರ ನಾಡಬಂದೂಕು ಇತ್ತು ಅಂತ ಇಲಾಖೆ. ಮೀನು ಹಿಡಿಯೋಕೆ ಹೋದವರು ಅಂತ ಮನೆಯವರು. ಆಗ ಗಡಿಯಲ್ಲಿ ದಿನಗಟ್ಟಲೆ ಬಸ್ಸು ನಿಂತಿತು. ಯಾರ ಮಾತು ನಿಜ ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ. ನಾನು ಹೇಳೋದು ಇಷ್ಟೇ: ಈ ನೀರಿನ ಎರಡೂ ದಡದಲ್ಲಿ "ಅವನ ಹತ್ತಿರ ತುಪಾಕಿ ಇತ್ತು" ಅನ್ನೋ ನಾಲ್ಕು ಪದ ಸಾಕು, ಮಿಕ್ಕ ಎಲ್ಲಾ ಪ್ರಶ್ನೆ ಅಲ್ಲಿಗೆ ನಿಂತುಬಿಡುತ್ತೆ. ಆ ನಾಲ್ಕು ಪದಕ್ಕೆ ನಾವೇ ಅಟ್ಟದಲ್ಲಿ ಸಾಕ್ಷಿ ಇಟ್ಟು ಕಾಯ್ತಾ ಕೂರಬೇಕಾ?

ಚುನಾವಣೆ ಬಂದರೆ ಇನ್ನೊಂದು ಪೇಚಾಟ. ನೀತಿಸಂಹಿತೆ ಜಾರಿಯಾದ ಕೂಡಲೇ ಲೈಸೆನ್ಸ್ ಆಯುಧ ಠಾಣೆಗೆ ತಂದಿಡಿ ಅಂತಾರೆ. 2023ರ ಮೇ 10ರಂದು ಕರ್ನಾಟಕದಲ್ಲಿ ವಿಧಾನಸಭೆ ಮತದಾನ, ಆಗ ಇಲ್ಲಿ ಏನೂ ಇಲ್ಲ. 2024ರ ಲೋಕಸಭೆಗೆ ಇಲ್ಲಿ ಏಪ್ರಿಲ್ 19, ಚಾಮರಾಜನಗರದಲ್ಲಿ ಏಪ್ರಿಲ್ 26. ಪುಸ್ತಕ ಆಚೆಯ ಜಿಲ್ಲೆಯದ್ದು, ತುಪಾಕಿ ಈಚೆಯ ಅಟ್ಟದ್ದು. ಯಾವ ಠಾಣೆಗೆ ಕೊಡ್ತೀರಿ? ಆಚೆಯವರು ಪಟ್ಟಿ ನೋಡಿ ಹುಡುಕ್ತಾರೆ, ನೀವಿಲ್ಲ. ಈಚೆಯವರ ಪಟ್ಟಿಯಲ್ಲಿ ನೀವೇ ಇಲ್ಲ. ಈಗ ಲೈಸೆನ್ಸುಗಳೆಲ್ಲ ರಾಷ್ಟ್ರೀಯ ದತ್ತಾಂಶದಲ್ಲಿವೆ, ಪ್ರತಿಯೊಂದಕ್ಕೂ ಯುಐಎನ್ ನಂಬರು. ನಮ್ಮ ಖಾತೆ ನಂಬರಿದ್ದ ಹಾಗೆ: ಶಾಖೆ ಬದಲಾದರೂ ನಂಬರ್ ಅದೇ, ಆದರೆ ಶಾಖೆ ಬದಲಾಯಿಸೋ ಅರ್ಜಿ ನೀವೇ ಕೊಡಬೇಕು. ಯುಐಎನ್ ಇಲ್ಲದ ಹಳೇ ಪುಸ್ತಕ ಎಷ್ಟೇ ಚೆಂದದ ಸೀಲ್ ಇದ್ದರೂ ಇವತ್ತು ನಡೆಯಲ್ಲ.

ಕೆಎ 10 ನಂಬರಿನ ಬೈಕನ್ನು ಧರ್ಮಪುರಿಗೆ ತಂದು ಟಿಎನ್ 29 ಮಾಡಿಸೋಕೆ ಎನ್‌ಓಸಿ ತರ್ತೀರಿ, ಬ್ರೋಕರಿಗೆ ದುಡ್ಡು ಕೊಡ್ತೀರಿ, ಎರಡು ಆರ್‌ಟಿಓ ಆಫೀಸು ಅಲೆಯುತ್ತೀರಿ. ಗ್ಯಾಸ್ ಕನೆಕ್ಷನ್ ವರ್ಗಾಯಿಸ್ತೀರಿ, ರೇಷನ್ ಕಾರ್ಡಿಂದ ಹೆಸರು ತೆಗೆಸಿ ಇಲ್ಲಿ ಸೇರಿಸ್ತೀರಿ. ಕನಿಷ್ಠ ಎರಡು ವರ್ಷ ಜೈಲಿರೋ ವಸ್ತುವಿಗೆ ಮಾತ್ರ "ನಮಗ್ಯಾವ ಗಡಿ" ಅಂತೀರಿ. ಇದು ಯಾವ ನ್ಯಾಯ?

ಈಗ ಸರ್ಕಾರಗಳ ಕಡೆ ತಿರುಗ್ತೀನಿ, ಅವರನ್ನೂ ಬಿಡೋಹಾಗಿಲ್ಲ. ಲೈಸೆನ್ಸ್ ಪೋರ್ಟಲ್ ಇಂಗ್ಲಿಷು. ಇಲ್ಲಿಯ ಠಾಣೆಯ ಬೋರ್ಡು, ಕಚೇರಿಯ ನೋಟಿಸು ತಮಿಳು. "ಲೈಸೆನ್ಸ್ ಇಲ್ಲದ ನಾಟ್ಟು ತುಪ್ಪಾಕಿ ತಂದೊಪ್ಪಿಸಿ, ತಾನಾಗಿ ಒಪ್ಪಿಸಿದರೆ ಕೇಸ್ ಹಾಕಲ್ಲ" ಅಂತ ಈ ಗಡಿ ಜಿಲ್ಲೆಗಳಲ್ಲಿ ಪೊಲೀಸರೂ ಅರಣ್ಯ ಇಲಾಖೆಯವರೂ ಆಗಾಗ ಪ್ರಚಾರ ಮಾಡ್ತಾರೆ. ಒಳ್ಳೇ ಕೆಲಸ, ಮೆಚ್ಚಲೇಬೇಕು. ಆದರೆ ಕೇಸ್ ಹಾಕಲ್ಲ ಅನ್ನೋ ಆ ಒಂದು ಸಾಲು ಮುದುಕರಿಗೆ ಅವರ ಮನೆಮಾತಿನಲ್ಲಿ ಕೇಳಿಸದೇ ಹೋದರೆ ಭಯ ಹೋಗುತ್ತಾ? ಅವರು ತುಪಾಕಿಯನ್ನು ಠಾಣೆಗೆ ತರಲ್ಲ, ಹೊಳೆ ದಾಟಿಸಿ ಬೀಗರ ಮನೆಗೆ ಕಳಿಸ್ತಾರೆ. ಅಲ್ಲಿ ಪ್ರಚಾರ ಆದರೆ ಅಲ್ಲಿಂದ ಇಲ್ಲಿಗೆ. ಎರಡು ರಾಜ್ಯದ ಅಭಿಯಾನಗಳ ನಡುವೆ ತುಪಾಕಿ ಉಯ್ಯಾಲೆ ಆಡ್ತಾ ಇರುತ್ತೆ. ಇದಕ್ಕೆ ಕಾರಣ ರೈತನ ಕಳ್ಳತನ ಅಲ್ಲ, ಕಚೇರಿಯ ಮೂಗತನ.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಅಂತ 1956ರಲ್ಲಿ ಕೇಂದ್ರ ಹೊರಡಿಸಿದ ಜ್ಞಾಪನಪತ್ರದ ಕಾಲದಿಂದ ಒಪ್ಪಿಕೊಂಡು ಬಂದಿರೋ ಮಾತು ಇದು: ಒಂದು ಪ್ರದೇಶದಲ್ಲಿ ಶೇಕಡಾ 15-20ರಷ್ಟು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯವಾದ ನಿಯಮ, ನೋಟಿಸುಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು. ತಾಳವಾಡಿಯಲ್ಲಿ ಆ ಲೆಕ್ಕಕ್ಕೆ ಅನುಮಾನವೇ ಇಲ್ಲ. ಮೆಟ್ಟೂರು ತಾಲೂಕಿನಲ್ಲಿ ಲೆಕ್ಕ ಸಾಲದು ಅಂತ ಯಾರಾದರೂ ಅಂದರೆ, ಸಂವಿಧಾನದ 350ನೇ ವಿಧಿಗೆ ಶೇಕಡಾ ಲೆಕ್ಕವೇ ಬೇಕಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡೋ ಹಕ್ಕು ಪ್ರತಿಯೊಬ್ಬನಿಗೂ ಇದೆ. ಗೊಂದಲ ಬೇಡ, ಲೈಸೆನ್ಸ್ ಅರ್ಜಿ ಬೇರೆ, ಅದಕ್ಕೆ ಅವರ ನಮೂನೆಯೇ ಬೇಕು. ಆದರೆ "ನಮಗೆ ಈ ನಿಯಮ ಕನ್ನಡದಲ್ಲಿ ತಿಳಿಸಿಲ್ಲ" ಅನ್ನೋ ಮನವಿ ಕನ್ನಡದಲ್ಲೇ ಕೊಡಬಹುದು, ತಗೊಳ್ಳಲ್ಲ ಅನ್ನೋಹಾಗಿಲ್ಲ.

ಕರ್ನಾಟಕದವರೂ ಬೀಗಬೇಕಿಲ್ಲ. ಹನೂರು ತಾಲೂಕಿನ ಮಾರ್ಟಳ್ಳಿ ಕಡೆ ತಮಿಳು ಮನೆಮಾತಿನ ಜನ ತುಂಬಾ ಇದ್ದಾರೆ. ಅವರ ಅಟ್ಟದಲ್ಲೂ ಇದೇ ಗೋಣಿಚೀಲ, ಅವರಿಗೂ ಇದೇ ಭಯ. ನಾವು ಸೇಲಂನಲ್ಲಿ ಕೇಳೋದನ್ನು ಅವರು ಚಾಮರಾಜನಗರದಲ್ಲಿ ತಮಿಳಿನಲ್ಲಿ ಕೇಳಿದರೆ ಬೇಡ ಅನ್ನೋಕೆ ನಮಗೆ ಬಾಯಿ ಇರಬಾರದು. ಈ ಮಾತಿಗೂ ಬೈತೀರಿ, ಗೊತ್ತು.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ, ಈರೋಡ್ ಕಲೆಕ್ಟರ್ ಕಚೇರಿಗಳಿಂದ ಕನ್ನಡದಲ್ಲಿ ಒಂದೇ ಒಂದು ಹಾಳೆ. ಲೈಸೆನ್ಸುದಾರ ಸತ್ತರೆ ಏನು ಮಾಡಬೇಕು, ರಾಜ್ಯ ಬದಲಾಯಿಸಿದರೆ ಎಷ್ಟು ದಿನದಲ್ಲಿ ಎಲ್ಲಿ ತಿಳಿಸಬೇಕು, ವನ್ಯಧಾಮದ ಹತ್ತಿರ ಇದ್ದರೆ ಎಲ್ಲಿ ನೋಂದಾಯಿಸಬೇಕು, ತಾನಾಗಿ ಒಪ್ಪಿಸಿದವರಿಗೆ ರಸೀದಿ ಯಾರು ಕೊಡ್ತಾರೆ. ಅದನ್ನು ಕೊಳತ್ತೂರು ಠಾಣೆಯಲ್ಲಿ, ಪಾಲಾರ್ ಚೆಕ್‌ಪೋಸ್ಟಿನಲ್ಲಿ, ವಿಎಓ ಆಫೀಸಿನಲ್ಲಿ ಅಂಟಿಸಿದರೆ ಸಾಕು. ಪ್ರಿಂಟ್ ಖರ್ಚು ನೂರಿನ್ನೂರು ರೂಪಾಯಿ ಆಗುತ್ತೆ, ಬೇಕಿದ್ದರೆ ನಾನೇ ಕೊಡ್ತೀನಿ.

ಅಲ್ಲಿಯವರೆಗೆ ಲಾರಿ ಕರೆಸೋ ಮುಂಚೆ ಅಟ್ಟ ಹತ್ತಿ ನೋಡಿ. ನಿಮ್ಮದೇ ಹೆಸರಲ್ಲಿ ಚಾಲ್ತಿ ಲೈಸೆನ್ಸ್ ಇದ್ದರೆ ಕೊಟ್ಟ ಕಚೇರಿಗೆ ಹೋಗಿ ಪ್ರದೇಶದ ಕಾಲಂ ಸರಿ ಮಾಡಿಸಿ, ಆಮೇಲೆ ತನ್ನಿ, ತಂದ 30 ದಿನದಲ್ಲಿ ಎರಡೂ ಕಡೆ ಬರೆದು ಕೊಟ್ಟು ಮೊಹರು ಹಾಕಿಸಿದ ನಕಲು ಇಟ್ಕೊಳ್ಳಿ. ಹೆಸರು ಸತ್ತವರದ್ದಾದರೆ, ಅಥವಾ ಪುಸ್ತಕವೇ ಇಲ್ಲದಿದ್ದರೆ, ಅದು ಈಗ ಎಲ್ಲಿದೆಯೋ ಅಲ್ಲಿಂದ ಕದಲಿಸೋ ಮುಂಚೆ ಒಬ್ಬ ವಕೀಲರನ್ನು ಕೇಳಿ, ಊರಿನ ಇಬ್ಬರು ಹಿರಿಯರನ್ನೂ ಜೊತೆಗಿಟ್ಕೊಂಡು ಒಪ್ಪಿಸೋ ಏರ್ಪಾಡು ಮಾಡಿ. ಬೀಗರ ಮನೆಗೆ ಮಾತ್ರ ಕಳಿಸಬೇಡಿ.

ಕಲೆಕ್ಟರ್ ಕಚೇರಿಯ ಸೋಮವಾರದ ಕುಂದುಕೊರತೆ ದಿನಕ್ಕೆ ಕೊಡೋ ಮನವಿಯನ್ನು ಕನ್ನಡದಲ್ಲಿ ಬರೆದಿಟ್ಟಿದ್ದೀನಿ, ಒಂದೂವರೆ ಪುಟ ಇದೆ. ನಿಮ್ಮ ಊರಿನ ಹೆಸರು ಸೇರಿಸಿ ಸಹಿ ಹಾಕಿ ಕೊಡಬೇಕು ಅನ್ನೋರು ಈ ಪುಟಕ್ಕೆ ಮೆಸೇಜ್ ಮಾಡಿ, ಪ್ರತಿ ಕಳಿಸ್ತೀನಿ. ತಮಿಳು ಅನುವಾದವನ್ನೂ ಜೊತೆಗೆ ಪಿನ್ ಮಾಡಿದ್ದೀನಿ, ಕೌಂಟರಿನಲ್ಲಿ ಕೂತವರು ಓದೋಕೆ ಆಗಲ್ಲ ಅಂತ ವಾಪಸ್ ಕೊಡದೇ ಇರಲಿ ಅಂತ.